ಲೆಕ್ಕಿಗರ ಕೂಲಿಯ ಲೆಕ್ಕ

ಸಣ್ಣ ವ್ಯಾಪಾರದ ತೆರಿಗೆ ರಿಟರ್ನ್ ಸಿದ್ಧಪಡಿಸಲು ಅಕೌಂಟೆಂಟ್‌ಗಳು ಎಷ್ಟು ತೆಗೆದುಕೊಳ್ಳುತ್ತಾರೆ? ಒಬ್ಬರಿಗೆ ನಾನೂರು ಡಾಲರ್, ಇನ್ನೊಬ್ಬರಿಗೆ ಎರಡೂವರೆ ಸಾವಿರ ಏಕೆ? ಮಿಲ್ಪಿಟಾಸ್‌ನ ಕನ್ನಡ ಮನೆಗಳಲ್ಲಿ ಪ್ರತಿ ಮಾರ್ಚ್‌ನಲ್ಲೂ ಏಳುವ ಪ್ರಶ್ನೆಗೆ ಬಿಡಿಸಿ ಹೇಳಿದ ಉತ್ತರ ಇಲ್ಲಿದೆ.

ಮಾರ್ಚ್ ಹೊತ್ತಿಗೆ ಮಿಲ್ಪಿಟಾಸ್‌ನ ಪೂರ್ವದ ಗುಡ್ಡಗಳು ಹಸಿರು ಹೊದ್ದಿರುತ್ತವೆ. ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುವ ಆ ಗುಡ್ಡಗಳ ಕೆಳಗಿನ ಬಡಾವಣೆಗಳಲ್ಲಿ ಯುಗಾದಿಯ ಆಸುಪಾಸಿಗೆ ನಾಲ್ಕು ಕನ್ನಡ ಕುಟುಂಬಗಳು ಸೇರಿದರೆ, ಹೋಳಿಗೆ ಊಟ ಮುಗಿದು ಎಲೆ ಅಡಿಕೆಯ ಹೊತ್ತಿಗೆ ಸಿಪಿಎ, ಅಂದರೆ ಪರವಾನಗಿ ಪಡೆದ ಅಕೌಂಟೆಂಟ್ ಬಗ್ಗೆ ಒಂದು ಮಾತು ಬಂದೇ ಬರುತ್ತದೆ: “ಈ ಸಲ ನಿಮ್ಮ ಸಿಪಿಎ ಎಷ್ಟು ತಗೊಂಡ್ರು?” ಒಬ್ಬರು ನಾನೂರು ಡಾಲರ್ ಅನ್ನುತ್ತಾರೆ. ಇನ್ನೊಬ್ಬರು ಸಾವಿರದ ಇನ್ನೂರು. ಮೂರನೆಯವರು ಸ್ವಲ್ಪ ಹಿಂಜರಿದು ಎರಡೂವರೆ ಸಾವಿರ ಎನ್ನುತ್ತಾರೆ. ನಾನೂರು ಕೊಟ್ಟವರಿಗೆ ಗೆದ್ದ ಸಮಾಧಾನ, ಎರಡೂವರೆ ಸಾವಿರ ಕೊಟ್ಟವರಿಗೆ ಮೋಸ ಹೋದೆನೇನೋ ಎಂಬ ಅಳುಕು. ಇಬ್ಬರ ಎಣಿಕೆಯೂ ತಪ್ಪಿರಬಹುದು. ಮೂವರೂ ಕೊಂಡದ್ದು ಒಂದೇ ಕೆಲಸವನ್ನಲ್ಲ.

ಮಿಲ್ಪಿಟಾಸ್ ಎಂದರೆ ಮುಸುಕಿನ ಜೋಳದ ಪುಟ್ಟ ಹೊಲಗಳು ಎಂದರ್ಥ. ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೊಸೆಯ ಉತ್ತರದ ಅಂಚಿನಲ್ಲಿರುವ ಈ ಊರು ನಗರವಾದದ್ದು 1954ರಲ್ಲಿ. ಮರುವರ್ಷ ಇಲ್ಲಿ ಫೋರ್ಡ್ ಕಾರು ಕಾರ್ಖಾನೆ ಶುರುವಾಯಿತು, 1983ರಲ್ಲಿ ಮುಚ್ಚಿತು. ಅದೇ ಕಟ್ಟಡ 1994ರಲ್ಲಿ ಗ್ರೇಟ್ ಮಾಲ್ ಆಯಿತು. 2020ರ ಜನಗಣತಿಯ ಪ್ರಕಾರ ಸುಮಾರು 80,000 ಜನರಿರುವ ಈ ಊರಿನಲ್ಲಿ ಹೆಚ್ಚಿನವರು ಏಷ್ಯಾ ಮೂಲದವರು. ಇಂಡಿಯಾ ಕಮ್ಯುನಿಟಿ ಸೆಂಟರ್ ಇರುವುದೂ ಇಲ್ಲೇ. ಹಗಲು ಚಿಪ್ ಕಂಪನಿಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ನಮ್ಮವರ ಮನೆಗಳಲ್ಲಿ ಇನ್ನೊಂದು ದುಡಿಮೆಯೂ ಬೆಳೆದಿದೆ. ಎಚ್-1ಬಿ ವೀಸಾದಲ್ಲಿದ್ದು ಗ್ರೀನ್ ಕಾರ್ಡ್‌ಗೆ ಕಾದಿರುವವರ ಪತಿ ಅಥವಾ ಪತ್ನಿಗೆ 2015ರ ಮೇ ತಿಂಗಳಿಂದ ಕೆಲಸದ ಪರವಾನಗಿ ಸಿಗತೊಡಗಿದ ಮೇಲೆ ಭರತನಾಟ್ಯದ ತರಗತಿ, ಗಣಿತದ ಟ್ಯೂಷನ್, ಮಕ್ಕಳ ಡೇಕೇರ್, ಚಕ್ಕುಲಿ ಕೋಡುಬಳೆ ಚಟ್ನಿಪುಡಿಯ ಮನೆ ಉದ್ಯಮಗಳಿಗೆ ದಾರಿ ಸುಗಮವಾಯಿತು. ಉದ್ಯಮ ಸಣ್ಣದು. ಅದರ ತೆರಿಗೆ ಕಾಗದ ಮಾತ್ರ ಯಾವಾಗಲೂ ಸಣ್ಣದಲ್ಲ.

ಯಾವ ರೂಪ, ಆ ಕೂಲಿ

ಕೂಲಿಯನ್ನು ಮೊದಲು ನಿರ್ಧರಿಸುವುದು ವ್ಯಾಪಾರದ ಗಾತ್ರವಲ್ಲ, ಅದರ ಕಾನೂನು ರೂಪ. ನೀವೊಬ್ಬರೇ, ಯಾವ ಕಂಪನಿಯನ್ನೂ ನೋಂದಾಯಿಸದೆ ಸಂಗೀತ ಪಾಠ ಹೇಳುತ್ತಿದ್ದರೆ ನಿಮಗೆ ಬೇರೆ ರಿಟರ್ನ್ ಇಲ್ಲ. ನಿಮ್ಮ ಸ್ವಂತ ಫಾರ್ಮ್ 1040ಕ್ಕೆ ಷೆಡ್ಯೂಲ್ ಸಿ ಎಂಬ ಎರಡು ಪುಟ ಸೇರುತ್ತದೆ. ಅದರಲ್ಲಿ ಆದಾಯ, ಖರ್ಚು, ಉಳಿದ ಲಾಭ. ಆ ಲಾಭದ ಮೇಲೆ ಆದಾಯ ತೆರಿಗೆಯ ಜೊತೆಗೆ, ಲಾಭದ ಶೇ 92.35 ಭಾಗಕ್ಕೆ ಸ್ವಯಂ ಉದ್ಯೋಗದ ತೆರಿಗೆ ಶೇ 15.3ರಷ್ಟು. ಗಡುವು ಏಪ್ರಿಲ್ 15.

ಇಬ್ಬರು ಗೆಳೆಯರು ಸೇರಿ ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ ಕಂಪನಿ) ಮಾಡಿ ಉಪಾಹಾರ ಮಂದಿರ ತೆರೆದರೆ ಕಥೆ ಬೇರೆ. ಅದಕ್ಕೆ ಫಾರ್ಮ್ 1065, ಗಡುವು ಒಂದು ತಿಂಗಳು ಮೊದಲೇ, ಮಾರ್ಚ್ 15. ಪ್ರತಿ ಪಾಲುದಾರರಿಗೂ ಕೆ-1 ಎಂಬ ಪತ್ರ ಕೊಡಬೇಕು. ಯಾರು ಎಷ್ಟು ಬಂಡವಾಳ ಹಾಕಿದರು, ಎಷ್ಟು ತೆಗೆದರು, ಒಲೆ ಮತ್ತು ಫ್ರಿಜ್‌ಗಳ ಸವಕಳಿ ಎಷ್ಟು ಎಂಬುದನ್ನೆಲ್ಲ ಹೊಂದಿಸಬೇಕು. ಎಸ್ ಕಾರ್ಪೊರೇಷನ್ ಆದರೆ ಫಾರ್ಮ್ 1120-ಎಸ್, ಅದಕ್ಕೂ ಮಾರ್ಚ್ 15. ಸಿ ಕಾರ್ಪೊರೇಷನ್ ಆದರೆ ಫಾರ್ಮ್ 1120. ಇವೆಲ್ಲವುಗಳ ಜೊತೆಗೆ ಕ್ಯಾಲಿಫೋರ್ನಿಯಾ ರಾಜ್ಯದ್ದೇ ಬೇರೆ ಫಾರ್ಮ್: ಎಲ್‌ಎಲ್‌ಸಿಗೆ 568, ಎಸ್ ಕಾರ್ಪ್‌ಗೆ 100-ಎಸ್. ಕೊನೆಗೆ ಮಾಲೀಕರ ಸ್ವಂತ 1040. ಹೊರಗಿನಿಂದ ಒಂದು ಅಂಗಡಿಯಾಗಿ ಕಾಣುವುದು ಅಕೌಂಟೆಂಟ್ ಮೇಜಿನ ಮೇಲೆ ನಾಲ್ಕೈದು ರಿಟರ್ನ್‌ಗಳಾಗುತ್ತದೆ.

ಅಮೆರಿಕದ ನ್ಯಾಷನಲ್ ಸೊಸೈಟಿ ಆಫ್ ಅಕೌಂಟೆಂಟ್ಸ್ ಸಂಸ್ಥೆ 2020–21ರಲ್ಲಿ ತನ್ನ ಸದಸ್ಯರ ದರಗಳ ಸಮೀಕ್ಷೆ ನಡೆಸಿತ್ತು. ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವ 1040ಕ್ಕೆ, ರಾಜ್ಯದ ರಿಟರ್ನ್ ಸೇರಿ, ದೇಶದ ಸರಾಸರಿ 323 ಡಾಲರ್. ಷೆಡ್ಯೂಲ್ ಸಿಗೆ ಅದರ ಮೇಲೆ 192. ಫಾರ್ಮ್ 1065ಕ್ಕೆ 733, ಫಾರ್ಮ್ 1120-ಎಸ್‌ಗೆ 903, ಫಾರ್ಮ್ 1120ಕ್ಕೆ 913. ಇದು ಇಡೀ ದೇಶದ ಸರಾಸರಿ. ಹಳ್ಳಿಗಾಡಿನ ಅಯೋವಾವೂ ಇದರಲ್ಲಿದೆ, ಬಾಡಿಗೆ ಗಗನಕ್ಕೇರಿದ ಬೇ ಏರಿಯಾವೂ ಇದೆ. ಅಲ್ಲಿಂದೀಚೆಗೆ ಅಮೆರಿಕದ ಒಟ್ಟಾರೆ ಬೆಲೆಮಟ್ಟವೇ ಸುಮಾರು ಕಾಲು ಭಾಗ ಏರಿದೆ.

ಮಿಲ್ಪಿಟಾಸ್, ಫ್ರೀಮಾಂಟ್, ಸನಿವೇಲ್‌ನ ಪರಿಚಿತರ ಬಾಯಲ್ಲಿ ನಾನು ಕೇಳುತ್ತ ಬಂದಿರುವ ಮಟ್ಟ ಹೀಗಿದೆ. ಷೆಡ್ಯೂಲ್ ಸಿ ಇರುವ ಮನೆಯ ರಿಟರ್ನ್‌ಗೆ ಐನೂರರಿಂದ ಸಾವಿರ ಡಾಲರ್. ಪಾಲುದಾರಿಕೆ ಅಥವಾ ಎಸ್ ಕಾರ್ಪ್ ರಿಟರ್ನ್‌ಗೆ ಸಾವಿರದಿಂದ ಎರಡೂವರೆ ಸಾವಿರ, ಮಾಲೀಕರ ಸ್ವಂತ ರಿಟರ್ನ್‌ನ ದುಡ್ಡು ಬೇರೆ. ಗಂಟೆಯ ಲೆಕ್ಕವಾದರೆ 150ರಿಂದ 400. ಇದನ್ನು ದರಪಟ್ಟಿ ಎಂದುಕೊಳ್ಳಬೇಡಿ. ನಿಮಗೆ ಹೇಳಿದ ದರ ಈ ಅಂದಾಜಿನಿಂದ ತೀರ ಕೆಳಗಿದ್ದರೂ ತೀರ ಮೇಲಿದ್ದರೂ “ಏಕೆ?” ಎಂದು ಕೇಳಲು ಇಷ್ಟು ತಿಳಿದಿದ್ದರೆ ಸಾಕು.

ಎಂಟುನೂರು ಡಾಲರ್‌ನ ಬಾಗಿಲು

ಅಕೌಂಟೆಂಟ್ ಕೂಲಿಗೂ ಮೊದಲು ಕ್ಯಾಲಿಫೋರ್ನಿಯಾದ ಕೂಲಿ ಇದೆ. ಇಲ್ಲಿ ಎಲ್‌ಎಲ್‌ಸಿ ತೆರೆದರೆ ಲಾಭ ಬರಲಿ, ಬಿಡಲಿ, ವರ್ಷಕ್ಕೆ 800 ಡಾಲರ್ ಕಟ್ಟಬೇಕು. 2021ರಿಂದ 2023ರೊಳಗೆ ಹುಟ್ಟಿದ ಎಲ್‌ಎಲ್‌ಸಿಗಳಿಗೆ ಮೊದಲ ವರ್ಷದ ವಿನಾಯಿತಿ ಇತ್ತು. ಆ ಬಾಗಿಲು ಮುಚ್ಚಿದೆ. ಒಟ್ಟು ವಹಿವಾಟು ಎರಡೂವರೆ ಲಕ್ಷ ಡಾಲರ್ ಮುಟ್ಟಿದರೆ ಮೇಲೆ ಇನ್ನೂ 900, ಐದು ಲಕ್ಷ ಮುಟ್ಟಿದರೆ 2,500, ಹತ್ತು ಲಕ್ಷಕ್ಕೆ 6,000. ಇದು ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ಲಾಭ ತೆಳುವಾಗಿ ವಹಿವಾಟು ದೊಡ್ಡದಾಗಿರುವ ಕಿರಾಣಿ ಅಂಗಡಿಗೆ ಇದು ನೇರವಾಗಿ ತಾಗುವ ಪೆಟ್ಟು.

ತಪ್ಪಿಸಿಕೊಳ್ಳಲೆಂದು ಕೆಲವರು ಡೆಲವೇರ್‌ನಲ್ಲಿ ಎಲ್‌ಎಲ್‌ಸಿ ಮಾಡಿಸುತ್ತಾರೆ. ಕಂಪನಿಯ ಹೆಸರು ಡೆಲವೇರ್‌ನಲ್ಲಿದ್ದರೂ ದುಡಿಯುವ ಮೇಜು ಮಿಲ್ಪಿಟಾಸ್‌ನ ಮನೆಯಲ್ಲಿದ್ದರೆ ಅದು ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರ ಮಾಡಿದಂತೆಯೇ. ಆಗ ಡೆಲವೇರ್‌ಗೆ ವರ್ಷಕ್ಕೆ 300, ಇಲ್ಲಿಗೂ 800. ಜೊತೆಗೆ ಅಕೌಂಟೆಂಟ್‌ಗೆ ಎರಡು ರಾಜ್ಯದ ಕಾಗದ. ಉಳಿಸಲು ಹೋಗಿ ಎರಡು ಕಡೆ ತೆತ್ತಂತಾಯಿತು.

ಇದಕ್ಕೆ ತದ್ವಿರುದ್ಧವಾಗಿ, ಹಲವರಿಗೆ ತಿಳಿಯದ ಒಂದು ಸಲೀಸು ದಾರಿಯೂ ಇದೆ. ಗಂಡ ಹೆಂಡತಿ ಇಬ್ಬರೇ ಸದಸ್ಯರಾಗಿರುವ ಎಲ್‌ಎಲ್‌ಸಿಗೆ ಸಾಮಾನ್ಯವಾಗಿ ಪಾಲುದಾರಿಕೆಯ ಫಾರ್ಮ್ 1065 ತುಂಬಿಸುತ್ತಾರೆ. ಆದರೆ ಕ್ಯಾಲಿಫೋರ್ನಿಯಾ ದಂಪತಿಯ ಗಳಿಕೆಯನ್ನು ಇಬ್ಬರ ಸಮಾನ ಸ್ವತ್ತು ಎಂದು ಪರಿಗಣಿಸುವ ರಾಜ್ಯ. ಅಂಥ ರಾಜ್ಯಗಳಲ್ಲಿ, ಎಲ್‌ಎಲ್‌ಸಿ ಪೂರ್ತಿ ದಂಪತಿಯದ್ದೇ ಆಗಿದ್ದು ಬೇರೆ ಯಾರ ಪಾಲೂ ಇಲ್ಲದಿದ್ದರೆ, ಅದನ್ನು ಪಾಲುದಾರಿಕೆ ಎಂದು ನೋಡದೆ ಏಕಮಾಲೀಕನದ್ದೆಂಬಂತೆ ತೋರಿಸಲು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ 2002ರಲ್ಲೇ ಒಪ್ಪಿದೆ. ಆಗ 1065ರ ಬದಲು ಷೆಡ್ಯೂಲ್ ಸಿ ಸಾಕಾಗುತ್ತದೆ. ರಾಜ್ಯದ ಫಾರ್ಮ್ 568 ಮತ್ತು 800 ಡಾಲರ್ ಹೇಗೂ ತಪ್ಪುವುದಿಲ್ಲ. ಚಟ್ನಿಪುಡಿ ಮಾರುವ ಒಂದು ದಂಪತಿಗೆ ವರ್ಷಕ್ಕೆ ಸಾವಿರ ಡಾಲರ್‌ನಷ್ಟು ಕೂಲಿ ಉಳಿಸಬಲ್ಲ ನಿಯಮವಿದು. ನಿಮ್ಮ ಅಕೌಂಟೆಂಟ್ ಅವರನ್ನು ಈ ಒಂದು ಪ್ರಶ್ನೆ ಕೇಳಿದರೂ ಈ ಲೇಖನ ಓದಿದ್ದು ಸಾರ್ಥಕ.

ಎಸ್ ಕಾರ್ಪ್ ಆಸೆ, ಅದರ ಖರ್ಚು

“ಎಸ್ ಕಾರ್ಪ್ ಮಾಡಿಸಿ, ತೆರಿಗೆ ಉಳಿಯುತ್ತದೆ” ಎಂಬ ಸಲಹೆ ಇಲ್ಲಿ ಪ್ರತಿ ಕೂಟದಲ್ಲೂ ಸಿಗುತ್ತದೆ. ಸಲಹೆ ಅರ್ಧ ಸತ್ಯ. ಲೆಕ್ಕ ಹಾಕಿ ನೋಡೋಣ.

ಒಬ್ಬ ಕನ್ಸಲ್ಟೆಂಟ್‌ಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ನಿವ್ವಳ ಲಾಭವಿದೆ ಎನ್ನೋಣ. ಏಕಮಾಲೀಕರಾಗಿದ್ದರೆ ಸ್ವಯಂ ಉದ್ಯೋಗದ ತೆರಿಗೆ ಸುಮಾರು 14,130 ಡಾಲರ್. ಎಸ್ ಕಾರ್ಪ್ ಮಾಡಿಕೊಂಡು ತಮಗೆ ತಾವೇ 60,000 ಸಂಬಳ ಕೊಟ್ಟುಕೊಂಡರೆ ಆ ಸಂಬಳದ ಮೇಲೆ ಮಾತ್ರ ಶೇ 15.3ರಂತೆ 9,180; ಉಳಿದ ಲಾಭಕ್ಕೆ ಈ ತೆರಿಗೆ ಇಲ್ಲ. ಮೇಲ್ನೋಟಕ್ಕೆ 4,950 ಉಳಿತಾಯ. ಈಗ ಕಳೆಯುತ್ತ ಬನ್ನಿ. ಕ್ಯಾಲಿಫೋರ್ನಿಯಾ ಎಸ್ ಕಾರ್ಪ್‌ನ ಲಾಭದ ಮೇಲೆ ಶೇ 1.5 ಕೇಳುತ್ತದೆ, ಅದು 800ಕ್ಕಿಂತ ಕಡಿಮೆಯಾದರೆ 800. ಫಾರ್ಮ್ 1120-ಎಸ್‌ಗೆ ಅಕೌಂಟೆಂಟ್ ಕೂಲಿ 1,500 ಎನ್ನಿ. ಸಂಬಳದ ಲೆಕ್ಕ ನೋಡುವ ಪೇರೋಲ್ ಸೇವೆಗೆ 650. ಉಳಿದದ್ದು ಸುಮಾರು ಎರಡು ಸಾವಿರ. ಪರವಾಗಿಲ್ಲ, ಲಾಭವೇ.

ಇದೇ ಲೆಕ್ಕವನ್ನು 50,000 ಡಾಲರ್ ಲಾಭದ ಡ್ಯಾನ್ಸ್ ಶಾಲೆಗೆ ಹಾಕಿ. ಏಕಮಾಲೀಕರಾಗಿ ತೆರಿಗೆ 7,065. ಸಂಬಳ 35,000 ಇಟ್ಟರೆ 5,355. ಉಳಿತಾಯ 1,710, ಖರ್ಚು 2,950. ಅಂದರೆ ವರ್ಷಕ್ಕೆ 1,240 ಡಾಲರ್ ಕೈಯಿಂದ ಹೋಯಿತು. ಹಾಗಾಗಿ ಎಸ್ ಕಾರ್ಪ್ ತೀರ್ಮಾನದಲ್ಲಿ ಅಕೌಂಟೆಂಟ್ ಕೂಲಿ ಅಡಿಟಿಪ್ಪಣಿಯಲ್ಲ, ಇಡೀ ತೀರ್ಮಾನವೇ ಅದರ ಮೇಲೆ ನಿಂತಿದೆ.

ಸಂಬಳ ಕಡಿಮೆ ಇಟ್ಟರೆ ಇನ್ನೂ ಉಳಿಯುವುದಲ್ಲ ಎಂದು ಕೇಳುವವರಿದ್ದಾರೆ. ಅಯೋವಾದ ಒಬ್ಬ ಸಿಪಿಎ ಇದನ್ನೇ ಮಾಡಿದ್ದರು. ತಮ್ಮ ಎಸ್ ಕಾರ್ಪ್‌ನಿಂದ ವರ್ಷಕ್ಕೆ 24,000 ಮಾತ್ರ ಸಂಬಳವೆಂದು ತೋರಿಸಿ ಉಳಿದ ಸುಮಾರು ಎರಡು ಲಕ್ಷವನ್ನು ಲಾಭಾಂಶವಾಗಿ ಪಡೆದರು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ನ್ಯಾಯವಾದ ಸಂಬಳ 91,044 ಎಂಬ ಕೆಳಗಿನ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಲೆಕ್ಕ ಬಲ್ಲವರಿಗೇ ಹೀಗಾದರೆ ನಮ್ಮ ಪಾಡೇನು?

ನಮ್ಮವರಿಗೆ ಇನ್ನೊಂದು ಎಚ್ಚರಿಕೆ. ಎಸ್ ಕಾರ್ಪ್‌ನಲ್ಲಿ ಅಮೆರಿಕದ ತೆರಿಗೆ ನಿವಾಸಿಯಲ್ಲದ ವಿದೇಶಿಯರಿಗೆ ಷೇರು ಇರಕೂಡದು. ಪ್ರೀತಿಯಿಂದ ಮೈಸೂರಿನಲ್ಲಿರುವ ತಮ್ಮನ ಹೆಸರಿಗೆ ಶೇ 5 ಬರೆದುಕೊಟ್ಟರೂ ಕಂಪನಿಯ ಎಸ್ ಸ್ಥಾನಮಾನ ಬಿದ್ದುಹೋಗುತ್ತದೆ. ಅದನ್ನು ಸರಿಪಡಿಸುವ ಕೂಲಿ ಮೊದಲ ಕೂಲಿಯ ಹಲವು ಪಟ್ಟು.

ಊರಿನ ಖಾತೆ, ಇಲ್ಲಿನ ಫಾರ್ಮ್

ಪಕ್ಕದ ಮನೆಯ ಅಮೆರಿಕನ್ ಪ್ಲಂಬರ್‌ಗಿಂತ ಕನ್ನಡ ಕುಟುಂಬಕ್ಕೆ ಅಕೌಂಟೆಂಟ್ ಹೆಚ್ಚು ಕೇಳಿದರೆ ಅದಕ್ಕೆ ಕಾರಣ ಹಲವು ಬಾರಿ ಊರಿನಲ್ಲಿದೆ. ಹಾಸನದ ಬ್ಯಾಂಕಿನಲ್ಲಿ ಠೇವಣಿ, ಬೆಂಗಳೂರಿನ ಮನೆಯ ಬಾಡಿಗೆ, ಅಪ್ಪ ತೆರೆದಿಟ್ಟ ಜಂಟಿ ಖಾತೆ. ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ವರದಿ ಸಲ್ಲಿಸಬೇಕು. ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಇದೆ. ಭಾರತದ ಮ್ಯೂಚುವಲ್ ಫಂಡ್ ಇದ್ದರೆ ಪ್ರತಿ ಫಂಡಿಗೂ ಫಾರ್ಮ್ 8621 ಬೇಕಾಗಬಹುದು. ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚು ಪಾಲಿದ್ದರೆ ಫಾರ್ಮ್ 5471ರ ಪ್ರಶ್ನೆ ಏಳುತ್ತದೆ. ಕೊಡಬೇಕಾದವರು ಕೊಡದಿದ್ದರೆ ದಂಡ 10,000 ಡಾಲರ್‌ನಿಂದ ಶುರು.

ಕೆಲಸ ಹೆಚ್ಚಿಸುವ ಇನ್ನೊಂದು ಸಂಗತಿ ಎರಡು ದೇಶದ ವರ್ಷ. ಭಾರತದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ಗೆ, ಅಮೆರಿಕದ್ದು ಜನವರಿಯಿಂದ ಡಿಸೆಂಬರ್‌ಗೆ. ಊರಿನ ಬ್ಯಾಂಕ್ ಕೊಟ್ಟ ಬಡ್ಡಿ ಪ್ರಮಾಣಪತ್ರವನ್ನು ಹಾಗೇ ಒಪ್ಪಿಸಿದರೆ ಅಕೌಂಟೆಂಟ್ ಅದನ್ನು ಎರಡು ವರ್ಷಗಳಿಂದ ಹೆಕ್ಕಿ, ಸೀಳಿ, ಜೋಡಿಸಿ, ಡಾಲರ್‌ಗೆ ಬದಲಿಸಬೇಕು. ಅದಕ್ಕೆ ತಗಲುವ ಗಂಟೆಗಳೇ ಬಿಲ್ಲಿನಲ್ಲಿ ಕಾಣುವುದು. ಜನವರಿಯಲ್ಲೇ ಕ್ಯಾಲೆಂಡರ್ ವರ್ಷದ ಮೊತ್ತ ಬರೆದಿಟ್ಟುಕೊಂಡರೆ ಆ ಗಂಟೆಗಳು ನಿಮ್ಮ ಜೇಬಿನಲ್ಲೇ ಉಳಿಯುತ್ತವೆ.

ಬೆಂಗಳೂರಿನಲ್ಲೇ ಕುಳಿತು ಅಮೆರಿಕದಲ್ಲಿ ಎಲ್‌ಎಲ್‌ಸಿ ತೆರೆದಿರುವ ಯುವ ಉದ್ಯಮಿಗಳಿಗೂ ಒಂದು ಮಾತು. ವಿದೇಶಿಯೊಬ್ಬರೇ ಮಾಲೀಕರಾಗಿರುವ ಎಲ್‌ಎಲ್‌ಸಿ, ಮಾಲೀಕರಿಗೂ ಅದಕ್ಕೂ ಹಣದ ವ್ಯವಹಾರ ನಡೆದಿದ್ದರೆ ಫಾರ್ಮ್ 5472 ಕೊಡಬೇಕು. ಬಂಡವಾಳ ಹಾಕಿದ್ದೂ ವ್ಯವಹಾರವೇ. ಮರೆತರೆ ದಂಡ 25,000 ಡಾಲರ್. ಕೆಲವು ನೂರು ಡಾಲರ್ ಕೂಲಿ ಉಳಿಸಲು ಇಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳಬಾರದು.

ಬರೆಯುವವರು ಯಾರು?

ತೆರಿಗೆ ಬರೆದುಕೊಡುವವರೆಲ್ಲ ಸಿಪಿಎಗಳಲ್ಲ. ಸಿಪಿಎಗೆ ಪರವಾನಗಿ ಕೊಡುವುದು ರಾಜ್ಯದ ಅಕೌಂಟೆನ್ಸಿ ಮಂಡಳಿ. ಎನ್‌ರೋಲ್ಡ್ ಏಜೆಂಟ್‌ಗೆ ಪರವಾನಗಿ ಕೇಂದ್ರ ಸರ್ಕಾರದ್ದು. ತೆರಿಗೆಯ ಮೂರು ಭಾಗದ ಪರೀಕ್ಷೆ ಬರೆದು ಅಥವಾ ಐಆರ್‌ಎಸ್‌ನಲ್ಲಿ ದುಡಿದ ಅನುಭವದಿಂದ ಪಡೆಯುವಂಥದ್ದು. ಈ ವೃತ್ತಿಯ ಬೇರು 1884ರಲ್ಲಿದೆ. ಅಂತರ್ಯುದ್ಧದಲ್ಲಿ ಕಳೆದುಕೊಂಡ ಕುದುರೆಗಳಿಗೆ ಪರಿಹಾರ ಕೊಡಿಸುವ ಮಧ್ಯವರ್ತಿಗಳು ಇಲ್ಲದ ಲೆಕ್ಕ ತೋರಿಸತೊಡಗಿದಾಗ, ಖಜಾನೆಯ ಮುಂದೆ ಪರರ ಪರವಾಗಿ ನಿಲ್ಲುವವರನ್ನು ನಿಯಂತ್ರಿಸಲು ಆ ವರ್ಷ ಕಾನೂನು ಬಂತು. ಮೂರನೆಯವರು ಕ್ಯಾಲಿಫೋರ್ನಿಯಾದಲ್ಲೇ ನೋಂದಾಯಿಸಿಕೊಂಡ ತಯಾರಕರು. ಅವರು 60 ಗಂಟೆಯ ತರಬೇತಿ ಪಡೆದು, 5,000 ಡಾಲರ್‌ನ ಖಾತರಿ ಪತ್ರ ಇಟ್ಟು, ಪ್ರತಿ ವರ್ಷ 20 ಗಂಟೆ ಮತ್ತೆ ಕಲಿಯಬೇಕು.

ಸರಳ ಷೆಡ್ಯೂಲ್ ಸಿಗೆ ಮೂರನೆಯವರು ಸಾಕು, ದರವೂ ಕಡಿಮೆ. ಎಸ್ ಕಾರ್ಪ್, ಪಾಲುದಾರಿಕೆ, ಊರಿನ ಆಸ್ತಿ ಇದ್ದರೆ ಎನ್‌ರೋಲ್ಡ್ ಏಜೆಂಟ್ ಅಥವಾ ಸಿಪಿಎ ಬೇಕು. ನಾಳೆ ಐಆರ್‌ಎಸ್ ನೋಟಿಸ್ ಬಂದರೆ ಯಾವ ಮಿತಿಯೂ ಇಲ್ಲದೆ ನಿಮ್ಮ ಪರವಾಗಿ ನಿಲ್ಲಬಲ್ಲವರು ಈ ಇಬ್ಬರು ಮತ್ತು ವಕೀಲರು. ದರದ ವ್ಯತ್ಯಾಸದಲ್ಲಿ ಈ ಬೆಂಬಲದ ಬೆಲೆಯೂ ಸೇರಿದೆ.

ಸಂಭಾವನೆಯನ್ನು ಮರುಪಾವತಿಯ ಶೇಕಡಾವಾರು ಕೇಳುವವರಿಂದ ದೂರವಿರಿ ಎಂದು ಐಆರ್‌ಎಸ್ ಪ್ರತಿ ವರ್ಷ ಹೇಳುತ್ತದೆ. ಹೆಚ್ಚು ಮರುಪಾವತಿ ಬಂದಷ್ಟೂ ಅವರ ಪಾಲು ಹೆಚ್ಚುವುದರಿಂದ ಇಲ್ಲದ ಖರ್ಚು ಬರೆಯುವ ಆಮಿಷ ಅಲ್ಲೇ ಹುಟ್ಟುತ್ತದೆ. ನಮ್ಮ ದೇಶದ ಚಾರ್ಟರ್ಡ್ ಅಕೌಂಟೆಂಟ್‌ಗಳಿಗೂ 1949ರ ಕಾಯಿದೆ ಲಾಭದ ಶೇಕಡಾವಾರು ಕೂಲಿ ಕೇಳುವುದನ್ನು ನಿಷೇಧಿಸಿದೆ. ಎರಡು ದೇಶಗಳು ಬೇರೆ ಬೇರೆ ದಾರಿಯಲ್ಲಿ ಬಂದು ತಲುಪಿದ ವಿವೇಕವೊಂದೇ.

ಇನ್ನೊಂದು ಸಂಗತಿ ಕನ್ನಡಿಗರಿಗೆ ಹತ್ತಿರದ್ದು. ಮಿಲ್ಪಿಟಾಸ್‌ನ ಅಂಗಡಿಯ ರಿಟರ್ನ್ ಬೆಂಗಳೂರಿನಲ್ಲಿ ತಯಾರಾಗುವುದು ಈಗ ವಿಶೇಷವಲ್ಲ. ಅಮೆರಿಕದ ದೊಡ್ಡ ಲೆಕ್ಕಪತ್ರ ಸಂಸ್ಥೆಗಳಿಗೆ ಬೆಂಗಳೂರಿನಲ್ಲಿ ಕಚೇರಿಗಳಿವೆ. ಟರ್ಬೋಟ್ಯಾಕ್ಸ್, ಕ್ವಿಕ್‌ಬುಕ್ಸ್ ತಂತ್ರಾಂಶಗಳ ಒಡೆಯ ಇಂಟ್ಯೂಟ್ ಕಂಪನಿ ಮಿಲ್ಪಿಟಾಸ್‌ಗೆ ಹತ್ತಿರದ ಮೌಂಟನ್ ವ್ಯೂನದ್ದು. ಅದರ ತಂತ್ರಾಂಶ ಕೇಂದ್ರವೂ ಬೆಂಗಳೂರಿನಲ್ಲಿದೆ. ಇದರಲ್ಲಿ ತಪ್ಪೇನೂ ಇಲ್ಲ, ಬಹಳ ಸಲ ದರ ಕೈಗೆಟಕುವುದೇ ಇದರಿಂದ. ಆದರೆ ನಿಮ್ಮ ಮಾಹಿತಿಯನ್ನು ಅಮೆರಿಕದ ಹೊರಗಿನ ತಯಾರಕರಿಗೆ ಕಳಿಸುವ ಮೊದಲು ನಿಮ್ಮ ಲಿಖಿತ ಒಪ್ಪಿಗೆ ಬೇಕು ಎಂದು 2009ರಿಂದ ಜಾರಿಯಲ್ಲಿರುವ ನಿಯಮ ಹೇಳುತ್ತದೆ. ಆ ಒಪ್ಪಿಗೆ ಪತ್ರ ಮುಂದಿಟ್ಟರೆ ಓದಿ ಸಹಿ ಮಾಡಿ.

ಅಡಿಕೆಗೆ ಹೋದ ಮಾನ

ಕಡಿಮೆ ಕೂಲಿಯೇ ಗುರಿಯಾದಾಗ ಮೊದಲು ತಪ್ಪುವುದು ಗಡುವು. ಪಾಲುದಾರಿಕೆ ಅಥವಾ ಎಸ್ ಕಾರ್ಪ್ ರಿಟರ್ನ್ ತಡವಾದರೆ ದಂಡ ತಲೆಗೆ ಇಷ್ಟು, ತಿಂಗಳಿಗೆ ಇಷ್ಟು ಎಂದು. 2024ನೇ ಸಾಲಿನ ರಿಟರ್ನ್‌ಗೆ ಅದು 245 ಡಾಲರ್. ಇಬ್ಬರು ಪಾಲುದಾರರು ಆರು ತಿಂಗಳು ತಡ ಮಾಡಿದರೆ 2,940 ಡಾಲರ್, ತೆರಿಗೆ ಒಂದು ಪೈಸೆ ಬಾಕಿ ಇಲ್ಲದಿದ್ದರೂ. ಕ್ಯಾಲಿಫೋರ್ನಿಯಾ ತನ್ನ ಪಾಲಿಗೆ ತಲೆಗೆ ತಿಂಗಳಿಗೆ 18 ಸೇರಿಸುತ್ತದೆ. ಸಮಯ ಸಾಲದಿದ್ದರೆ ಮಾರ್ಚ್ 15ರ ಒಳಗೆ ಫಾರ್ಮ್ 7004 ಕೊಟ್ಟು ಆರು ತಿಂಗಳ ಅವಧಿ ಪಡೆಯಬಹುದು. ಅದು ಕಾಗದ ಕೊಡಲು ಅವಧಿ, ಹಣ ಕಟ್ಟಲು ಅಲ್ಲ.

“ಅಕೌಂಟೆಂಟ್ ಮರೆತರು” ಎಂಬುದು ನೆಪವಾಗುವುದಿಲ್ಲ. 1985ರಲ್ಲಿ ಬಾಯ್ಲ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು: ಸಕಾಲದಲ್ಲಿ ಸಲ್ಲಿಸುವ ಹೊಣೆ ತೆರಿಗೆದಾರನದ್ದು, ಅದನ್ನು ಬೇರೆಯವರ ಹೆಗಲಿಗೆ ದಾಟಿಸಲಾಗದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಇನ್ನೂರು ಡಾಲರ್ ಉಳಿಸಲು ಹೋಗಿ ಸಾವಿರಾರು ಡಾಲರ್ ದಂಡಕ್ಕೆ ಗುರಿಯಾದವರಿಗೆ ಆ ಮಾತಿನ ಅರ್ಥ ಗೊತ್ತು.

ಆದರೆ ಹೆಚ್ಚು ಕೊಟ್ಟ ಮಾತ್ರಕ್ಕೆ ಕೆಲಸ ಒಳ್ಳೆಯದಾಗುವುದೂ ಇಲ್ಲ. ನಮ್ಮವರಲ್ಲಿ ನಾನು ಕಂಡ ನಿಜವಾದ ತೊಡಕು ದಾಕ್ಷಿಣ್ಯ. ಹಿಂದೆ ಹಳ್ಳಿಯ ಲೆಕ್ಕ ಬರೆಯುತ್ತಿದ್ದ ಶಾನುಭೋಗರಿಗೆ ಇನಾಮು ಜಮೀನು, ಸುಗ್ಗಿಯಲ್ಲಿ ಕಾಳು. ಇಂಥ ಕೆಲಸಕ್ಕೆ ಇಷ್ಟು ಎಂದು ರೈತ ಕೇಳುವ ಹಾಗಿರಲಿಲ್ಲ, ಕೇಳಿದರೆ ಮುನಿಸು. ಕಡತದಲ್ಲಿ ಏನಿದೆಯೋ ಅವರಿಗೇ ಗೊತ್ತು. 1961ರ ಕಾಯಿದೆ ಆ ವಂಶಪಾರಂಪರ್ಯ ಹುದ್ದೆಯನ್ನು ರದ್ದುಪಡಿಸಿತು. ಆದರೆ ಲೆಕ್ಕ ಬಲ್ಲವರ ಮುಂದೆ ಬಾಯಿ ಕಟ್ಟುವ ಅಭ್ಯಾಸ ಸಾಗರ ದಾಟಿ ನಮ್ಮ ಜೊತೆಗೇ ಬಂದಿದೆ. ಅಕೌಂಟೆಂಟ್ ನಮ್ಮ ಊರಿನವರೋ, ಗೆಳೆಯರ ಭಾವನೋ ಆಗಿದ್ದರಂತೂ “ದುಡ್ಡಿನ ಮಾತು ಆಮೇಲೆ ಆಗಲಿ ಸಾರ್” ಎಂದುಬಿಡುತ್ತೇವೆ. ಬಿಲ್ಲು ಬಂದ ಮೇಲೆ ಒಳಗೊಳಗೇ ಕೊರಗುತ್ತೇವೆ. ನಾಲ್ಕು ಮನೆಯಲ್ಲಿ ಅವರ ಹೆಸರು ಕೆಡಿಸುತ್ತೇವೆ. ಇದು ಅವರಿಗೂ ಅನ್ಯಾಯ, ನಮಗೂ ಅನ್ಯಾಯ.

ಕೇಳಬೇಕಾದದ್ದು, ಮಾಡಬೇಕಾದದ್ದು

ಕಾಗದ ಒಪ್ಪಿಸುವ ಮೊದಲೇ ಕೇಳಿ. ಈ ದರದಲ್ಲಿ ಯಾವ ಯಾವ ಫಾರ್ಮ್ ಸೇರಿವೆ? ರಾಜ್ಯದ ರಿಟರ್ನ್, ಕೆ-1, ನನ್ನ ಸ್ವಂತ 1040 ಇದರೊಳಗೋ ಹೊರಗೋ? ಪುಸ್ತಕ ಸರಿಪಡಿಸಬೇಕಾದರೆ ಗಂಟೆಗೆ ಎಷ್ಟು? ಐಆರ್‌ಎಸ್ ಪತ್ರ ಬಂದರೆ ಉತ್ತರಿಸಲು ಬೇರೆ ದುಡ್ಡೇ? ತಪ್ಪು ನಿಮ್ಮಿಂದಾದರೆ ತಿದ್ದುವ ಖರ್ಚು ಯಾರದ್ದು? ಕಾಗದ ಯಾವ ತಾರೀಖಿನೊಳಗೆ ಕೊಡಬೇಕು? ಒಳ್ಳೆಯ ಅಕೌಂಟೆಂಟ್ ಇವಕ್ಕೆ ಬೇಸರಪಡುವುದಿಲ್ಲ. ಎಲ್ಲವನ್ನೂ ಒಪ್ಪಂದ ಪತ್ರದಲ್ಲಿ ಬರೆದೇ ಕೊಡುತ್ತಾರೆ. ಇಬ್ಬರು ಮೂವರ ದರ ಹೋಲಿಸುವಾಗ ಬರೀ ಮೊತ್ತವನ್ನಲ್ಲ, ಈ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ.

ಕೂಲಿ ಇಳಿಸುವ ದೊಡ್ಡ ದಾರಿ ಚೌಕಾಸಿಯಲ್ಲ, ನಿಮ್ಮ ಪುಸ್ತಕ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಕಾರ್ಡ್ ಇರಲಿ. ಮನೆಯ ದಿನಸಿ ಅದರಲ್ಲಿ ಬೀಳದಿರಲಿ. ಚೀಲ ತುಂಬ ರಸೀದಿ ತಂದು ಸುರಿದರೆ ಅಕೌಂಟೆಂಟ್ ಗುಮಾಸ್ತರ ಕೆಲಸ ಮಾಡಬೇಕಾಗುತ್ತದೆ, ದರ ಮಾತ್ರ ಅಕೌಂಟೆಂಟ್‌ದೇ. ತಿಂಗಳಿಗೊಮ್ಮೆ ಒಂದು ಗಂಟೆ ಕುಳಿತು ಜಮಾ ಖರ್ಚು ಬರೆದರೆ ಸಾಕು. ವ್ಯಾಪಾರಕ್ಕೆ ಓಡಿಸಿದ ಮೈಲಿಗಳನ್ನು ಅಂದಂದೇ ಬರೆದಿಡಿ. 2025ನೇ ಸಾಲಿಗೆ ಪ್ರತಿ ಮೈಲಿಗೆ 70 ಸೆಂಟ್ ಖರ್ಚು ತೋರಿಸಬಹುದು. ಮನೆಯ ಒಂದು ಕೋಣೆ ಪೂರ್ತಿ ವ್ಯಾಪಾರಕ್ಕೇ ಮೀಸಲಾಗಿದ್ದರೆ ಸರಳ ವಿಧಾನದಲ್ಲಿ ಚದರಡಿಗೆ 5 ಡಾಲರ್‌ನಂತೆ 300 ಚದರಡಿವರೆಗೆ ಕಳೆಯಬಹುದು. ಇನ್ನೊಬ್ಬರಿಗೆ ಗುತ್ತಿಗೆಯ ಮೇಲೆ ಕೆಲಸ ಕೊಡುವ ಮೊದಲೇ ಅವರ ತೆರಿಗೆ ಸಂಖ್ಯೆ ಇರುವ ಫಾರ್ಮ್ ಡಬ್ಲ್ಯು-9 ಪಡೆಯಿರಿ, ಕೊಟ್ಟ ಹಣ ತಿಳಿಸುವ ಫಾರ್ಮ್ 1099 ಅನ್ನು ಜನವರಿ 31ಕ್ಕೆ ಕಳಿಸುವಾಗ ಅಲೆದಾಟ ತಪ್ಪುತ್ತದೆ. ಅಕೌಂಟೆಂಟ್‌ಗೆ ಕೊಟ್ಟ ಕೂಲಿಯಲ್ಲಿ ವ್ಯಾಪಾರದ ಭಾಗವೂ ಖರ್ಚಾಗಿ ಕಳೆಯುತ್ತದೆ. ಸ್ವಂತ ರಿಟರ್ನ್‌ನ ಭಾಗ ಕೇಂದ್ರದ ತೆರಿಗೆಯಲ್ಲಿ 2018ರಿಂದ ಕಳೆಯುವುದಿಲ್ಲ. ಆದ್ದರಿಂದ ಬಿಲ್ಲನ್ನು ಎರಡಾಗಿ ಬರೆಸಿಕೊಳ್ಳಿ.

ನನ್ನ ತೀರ್ಮಾನ ಇಷ್ಟೇ. ನಾನೂರು ಡಾಲರ್ ಅಗ್ಗವೂ ಅಲ್ಲ, ಎರಡೂವರೆ ಸಾವಿರ ದುಬಾರಿಯೂ ಅಲ್ಲ. ಆ ಹಣಕ್ಕೆ ಯಾವ ಕೆಲಸವಾಯಿತು ಎಂದು ತಿಳಿಯದೆ ಕೊಟ್ಟ ಪ್ರತಿ ಡಾಲರ್ ದುಬಾರಿ. ಈ ವಾರಾಂತ್ಯ ಹದಿನೈದು ನಿಮಿಷ ಬಿಡುವು ಮಾಡಿಕೊಂಡು ಕಳೆದ ವರ್ಷದ 1040 ತೆಗೆಯಿರಿ. ಎರಡನೇ ಪುಟದ ಕೊನೆಯಲ್ಲಿ, ನಿಮ್ಮ ಸಹಿಯ ಕೆಳಗೆ, ಕೂಲಿ ಪಡೆದು ಬರೆದವರ ಹೆಸರು, ಸಹಿ ಮತ್ತು ತಯಾರಕರ ಗುರುತಾದ ಪಿಟಿಐಎನ್ ಸಂಖ್ಯೆ ಇರಬೇಕು. ಇದ್ದರೆ ಮುಂದಿನ ವರ್ಷದ ದರವನ್ನು ಈಗಲೇ ಕೇಳಿ ಬರೆಸಿಕೊಳ್ಳಿ. ಆ ಜಾಗ ಖಾಲಿ ಇದ್ದರೆ, ಅವರು ಎಷ್ಟೇ ಪರಿಚಿತರಾಗಿರಲಿ, ಎಷ್ಟೇ ಕಡಿಮೆ ತೆಗೆದುಕೊಂಡಿರಲಿ, ಬೇರೆಯವರನ್ನು ಹುಡುಕಿ.